ನನ್ನ ತಪ್ಪಿಗೆ ಇನ್ನೊಬ್ಬರು ಕೆಲಸ ಬಿಟ್ಟರು. ಒಂಬತ್ತು ವರ್ಷದ ಮೇಲೆ ಕ್ಷಮೆ ಕೇಳಬಹುದಾ?

ಹಳೇ ನೋಟ್‌ಬುಕ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಈ ವಿಷಯವನ್ನು ನನ್ನ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಅವಳಿಗೂ ಹೇಳಿದ್ದು ಹೋದ ತಿಂಗಳು.

ಒಂಬತ್ತು ವರ್ಷದ ಹಿಂದೆ ನಾನು ಒಂದು ಕಚೇರಿಯಲ್ಲಿ ಲೆಕ್ಕಪತ್ರದ ವಿಭಾಗ ನೋಡಿಕೊಳ್ಳುತ್ತಿದ್ದೆ. ನನ್ನ ಕೈಕೆಳಗೆ ಒಬ್ಬ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಒಂದು ತಿಂಗಳ ಕೊನೆಯಲ್ಲಿ, ರಾತ್ರಿ ಹೊತ್ತಾಗಿತ್ತು, ಒಬ್ಬ ದೊಡ್ಡ ಗ್ರಾಹಕರಿಗೆ ಹೊಸ ಲೆಕ್ಕದ ಬದಲು ಹಿಂದಿನ ತಿಂಗಳ ಫೈಲ್ ಕಳಿಸಿಬಿಟ್ಟೆ. ವಿಭಾಗಕ್ಕೆಲ್ಲ ಒಂದೇ ಇಮೇಲ್. ಯಾರು ಕಳಿಸಿದ್ದು ಅಂತ ಅದರಲ್ಲಿ ಗೊತ್ತಾಗುತ್ತಿರಲಿಲ್ಲ.

ಮರುದಿನ ಮೀಟಿಂಗ್. ಆಕೆ ಅವತ್ತು ರಜೆ. ಎಂಟು ಜನ ಕೂತಿದ್ದೆವು. ಮ್ಯಾನೇಜರ್ ಕೇಳಿದರು, "ಯಾರ್ರೀ ಕಳಿಸಿದ್ದು ಇದನ್ನ?" ನಾನು ಹೇಳಿದೆ, "ಆ ಫೈಲ್ ಅವಳು ನೋಡ್ಕೋತಾಳೆ ಸರ್." ಅದು ಸುಳ್ಳಲ್ಲ. ಫೈಲ್ ಆಕೆಯದೇ. ಆದರೆ ಅವರು ಕೇಳಿದ್ದು ಅದನ್ನಲ್ಲ ಅಂತ ಆ ಮೇಜಿನ ಸುತ್ತ ನನಗೊಬ್ಬನಿಗೆ ಗೊತ್ತಿತ್ತು.

ಯಾರೂ ಆಕೆಯನ್ನು ಕೆಲಸದಿಂದ ತೆಗೆಯಲಿಲ್ಲ. ಸುಮ್ನೆ ಕೆಲಸ ಕೊಡುವುದು ಕಮ್ಮಿ ಮಾಡಿದರು. ಮೂರು ವಾರದಲ್ಲಿ ಆಕೆಯೇ ರಾಜೀನಾಮೆ ಕೊಟ್ಟಳು. ಕೊನೆಯ ದಿನ ನನ್ನ ಮೇಜಿನ ಹತ್ತಿರ ಬಂದು ಒಂದು ನೋಟ್‌ಬುಕ್ ಇಟ್ಟಳು. "ಸರ್, ಇದರಲ್ಲಿ ಎಲ್ಲಾ ಬರೆದಿಟ್ಟಿದೀನಿ. ನನ್ನ ಜಾಗಕ್ಕೆ ಬರೋರಿಗೆ ಕಷ್ಟ ಆಗಬಾರದು" ಅಂದಳು. ನೀಲಿ ರಟ್ಟಿನ ಪುಸ್ತಕ. ಒಬ್ಬೊಬ್ಬ ಗ್ರಾಹಕರಿಗೂ ಒಂದೊಂದು ಪುಟ. ತಾರೀಕುಗಳ ಕೆಳಗೆ ಸ್ಕೇಲ್ ಇಟ್ಟು ಕೆಂಪು ಗೆರೆ. "ಇವರು ಬೆಳಿಗ್ಗೆ ಫೋನ್ ಎತ್ತುವುದಿಲ್ಲ, ಮೂರು ಗಂಟೆ ಮೇಲೆ ಮಾಡಿ" ಅಂತೆಲ್ಲ ಬರೆದಿದ್ದಳು.

ನಾನೂ ಆ ಕೆಲಸ ಬಿಟ್ಟು ಐದು ವರ್ಷ ಆಯಿತು. ಪುಸ್ತಕ ನನ್ನ ಕಪಾಟಿನಲ್ಲೇ ಇದೆ. ಹೋದ ತಿಂಗಳು ನನ್ನ ಮಗಳು ಮೊದಲ ಕೆಲಸಕ್ಕೆ ಸೇರಿದಳು. ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಆಕೆಯ ಇಮೇಲ್ ವಿಳಾಸ ಸಿಕ್ಕಿದೆ. ಕ್ಷಮೆ ಕೇಳಬೇಕು ಅನ್ನಿಸುತ್ತೆ. ಕೇಳಲಾ? ಹೇಗೆ ಕೇಳಲಿ?

ದಾರಿಹೋಕ

ಬಿಟ್ಟಾಕಿ ಸರ್. ಒಂಬತ್ತು ವರ್ಷ ಆಗಿದೆ, ಅವರು ಮರೆತಿರುತ್ತಾರೆ. ನಿಮಗೆ ಪಶ್ಚಾತ್ತಾಪ ಆಗಿದೆಯಲ್ಲ, ಅಷ್ಟು ಸಾಕು. ಮುಂದೆ ಎಲ್ಲರ ಜೊತೆ ಒಳ್ಳೆಯವರಾಗಿರಿ.

ಎರಡನೇ ಬಾಗಿಲು

ಮರೆತಿರುವುದಿಲ್ಲ. ನಾನು ಆ ಹುಡುಗಿಯ ಜಾಗದಲ್ಲಿ ಇದ್ದವಳು, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಮೇಲೆ ಮನೆಯವರೊಬ್ಬರು ಹಣದ ವಿಷಯದಲ್ಲಿ ಒಂದು ಮಾತು ಹೊರಿಸಿದರು. ಆರು ವರ್ಷ ಅದೇ ಹೆಸರು ಹೊತ್ತು ಓಡಾಡಿದೆ. ಆಮೇಲೆ ಒಂದು ದಿನ ಅವರು ಬಂದು ಕೈ ಹಿಡಿದು ಅತ್ತರು. "ಕ್ಷಮಿಸಿಬಿಡಮ್ಮಾ, ನನಗೆ ನೆಮ್ಮದಿ ಇಲ್ಲ" ಅಂದರು. ಸುತ್ತ ಇದ್ದವರೆಲ್ಲ ನನ್ನ ಮುಖ ನೋಡಿದರು. ನಾನು "ಆಯ್ತು" ಅಂದೆ. ಇನ್ನೇನು ಅನ್ನಲಿ? ಅವರು ಕಣ್ಣೊರೆಸಿಕೊಂಡು ಹಗುರಾಗಿ ಹೋದರು. ಅವತ್ತು ರಾತ್ರಿ ನಿದ್ದೆ ಇಲ್ಲದೆ ಕೂತವಳು ನಾನು.

ಆ ಮಾತು ಕೇಳಿದ್ದವರ ಹತ್ತಿರ ಅವರು ಯಾವತ್ತೂ ಹೋಗಲಿಲ್ಲ. ಇವತ್ತಿಗೂ ನಾನು ಒಳಗೆ ಬಂದರೆ ಪರ್ಸ್ ಪಕ್ಕಕ್ಕೆ ಎಳೆದುಕೊಳ್ಳುವವರು ಇದ್ದಾರೆ.

ನಿಮ್ಮ ನಿದ್ದೆಗೋಸ್ಕರ ಆಕೆಯ ಬಾಗಿಲು ತಟ್ಟಬೇಡಿ ಸರ್. ಕಠಿಣವಾಗಿ ಹೇಳಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಹಳೇ ನೋಟ್‌ಬುಕ್

ಬೇಜಾರಿಲ್ಲ ಮೇಡಂ. ಎರಡು ಸಲ ಓದಿದೆ. ನಿಮಗೆ ಹಾಗಾಗಿದ್ದಕ್ಕೆ ತುಂಬಾ ಸಂಕಟ ಆಯಿತು.

ನಾನು ಬರೆದಿಟ್ಟಿದ್ದ ಪತ್ರದಲ್ಲಿ "ದಯವಿಟ್ಟು ಕ್ಷಮಿಸಿ" ಅಂತ ನಾಲ್ಕು ಸಲ ಇತ್ತು. ಈಗ ಎಣಿಸಿದೆ.

ರಾತ್ರಿಪಾಳಿ

ನಾನು ನರ್ಸ್. ಇಪ್ಪತ್ತು ವರ್ಷ ಆಯಿತು. ನಮ್ಮ ಕೆಲಸದಲ್ಲಿ ತಪ್ಪಾದರೆ ಬಾಯಿ ಮುಚ್ಚಿಕೊಂಡಿರಿ ಅಂತಲೇ ಮೊದಲು ಹೇಳಿಕೊಡುತ್ತಿದ್ದರು. ಒಪ್ಪಿಕೊಂಡರೆ ಕೇಸ್ ಬೀಳುತ್ತೆ ಅನ್ನುವ ಭಯ.

ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಇದಕ್ಕೆ ಉಲ್ಟಾ ದಾರಿ ಹಿಡಿದವು. ಚಿಕಿತ್ಸೆಯಲ್ಲಿ ತಪ್ಪಾಗಿದ್ದರೆ ಆಸ್ಪತ್ರೆಯೇ ಹುಡುಕಿ, ಮನೆಯವರನ್ನು ಕೂರಿಸಿಕೊಂಡು ಹೇಳುವುದು. ತಪ್ಪು ನಮ್ಮದಾಗಿದ್ದರೆ ಪರಿಹಾರವನ್ನೂ ನಾವೇ ಮುಂದೆ ಬಂದು ಕೊಡುವುದು. 2010ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದಾಗ ಪರಿಹಾರ ಕೇಳಿ ಬರುವ ದೂರುಗಳು ಜಾಸ್ತಿ ಆಗಿರಲಿಲ್ಲ, ಕಮ್ಮಿ ಆಗಿದ್ದವು.

ನಾನು ಕಣ್ಣಾರೆ ನೋಡಿದ್ದು ಒಂದಿದೆ. ಒಬ್ಬ ಹಿರಿಯ ಡಾಕ್ಟರ್ ಒಬ್ಬ ತಂದೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಫೋನನ್ನು ನನ್ನ ಕೈಗೆ ಕೊಟ್ಟರು. "ರಿಪೋರ್ಟ್ ನಿನ್ನೆ ಸಂಜೆಯೇ ಬಂದಿತ್ತು. ನಾನು ಇವತ್ತು ಬೆಳಿಗ್ಗೆ ನೋಡಿದೆ. ನಿನ್ನೆ ನೋಡಬೇಕಿತ್ತು" ಅಂದರು. ಅಷ್ಟೇ. ಜನ ಜಾಸ್ತಿ ಇದ್ದರು, ಡ್ಯೂಟಿ ಬದಲಾಯಿತು, ಅದೊಂದನ್ನೂ ಹೇಳಲಿಲ್ಲ. ಆ ತಂದೆ ಬಹಳ ಹೊತ್ತು ನೆಲ ನೋಡುತ್ತಾ ಕೂತರು. ಆಮೇಲೆ ಕೇಳಿದರು, "ಮುಂದೆ ಏನ್ ಮಾಡಬೇಕು ಡಾಕ್ಟ್ರೇ?" ಡಾಕ್ಟರ್ ಅವರಿಂದ ಏನನ್ನೂ ಕೇಳಿರಲಿಲ್ಲ. ಇವತ್ತಿಗೂ ಆ ಕುರ್ಚಿ ಎಳೆದ ಸದ್ದು ನನಗೆ ನೆನಪಿದೆ.

ಮನಸ್ಸಿನ ವಿದ್ಯಾರ್ಥಿನಿ

ರಾತ್ರಿಪಾಳಿ ಅಕ್ಕ ಹೇಳಿದ್ದು ನಾನು ಓದುತ್ತಿರುವ ವಿಷಯಕ್ಕೆ ಸರಿಯಾಗಿ ಹೊಂದುತ್ತೆ. ಮನಶ್ಶಾಸ್ತ್ರದಲ್ಲಿ ಎಂಎ ಮಾಡುತ್ತಿದ್ದೇನೆ.

ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಯವರು 2016ರಲ್ಲಿ ಕ್ಷಮಾಪಣೆಯನ್ನು ಆರು ಭಾಗ ಮಾಡಿ ಪರೀಕ್ಷೆ ಮಾಡಿದರು. ಬೇಸರ ಹೇಳುವುದು, ಏನು ತಪ್ಪಾಯಿತು ಅಂತ ವಿವರಿಸುವುದು, ಹೊಣೆ ಒಪ್ಪಿಕೊಳ್ಳುವುದು, ಇನ್ನು ಹೀಗೆ ಮಾಡಲ್ಲ ಅನ್ನುವುದು, ಆದ ನಷ್ಟ ಸರಿಮಾಡುತ್ತೇನೆ ಅನ್ನುವುದು, ಕ್ಷಮಿಸಿ ಅಂತ ಕೇಳುವುದು. ಜನರಿಗೆ ಎಲ್ಲಕ್ಕಿಂತ ಜಾಸ್ತಿ ಮುಟ್ಟಿದ್ದು "ತಪ್ಪು ನನ್ನದು" ಅನ್ನುವ ಮಾತು. ಅದಾದ ಮೇಲೆ ಸರಿಮಾಡುವ ಮಾತು. ಎಲ್ಲಕ್ಕಿಂತ ಕೊನೆಗೆ ನಿಂತದ್ದು "ಕ್ಷಮಿಸಿ" ಅಂತ ಕೇಳುವುದು. ನೀವು ಅದನ್ನೇ ನಾಲ್ಕು ಸಲ ಬರೆದಿದ್ದೀರಿ ಸರ್.

ಇನ್ನೊಂದು ಮಾತು ಎರಡನೇ ಬಾಗಿಲು ಮೇಡಂಗೆ. ಕ್ಷಮೆಯ ಬಗ್ಗೆ 1980ರ ದಶಕದಿಂದ ಕೆಲಸ ಮಾಡುತ್ತಾ ಬಂದಿರುವ ರಾಬರ್ಟ್ ಎನ್‌ರೈಟ್ ಕ್ಷಮಿಸುವುದು ಬೇರೆ, ಮತ್ತೆ ಒಂದಾಗುವುದು ಬೇರೆ ಅಂತ ಗೆರೆ ಎಳೆದು ಹೇಳುತ್ತಾರೆ. ಒಳಗಿನ ಸಿಟ್ಟು ಇಳಿಸಿಕೊಳ್ಳುವುದು ಒಬ್ಬರೇ ಮಾಡಬಹುದಾದ ಕೆಲಸ. ಮತ್ತೆ ನಂಬುವುದಕ್ಕೆ ಎದುರಿನವರೂ ಏನಾದರೂ ಮಾಡಬೇಕು. ನೀವು ಅವತ್ತು "ಆಯ್ತು" ಅಂದಿದ್ದು ಎರಡರಲ್ಲಿ ಯಾವುದೂ ಅಲ್ಲ ಅನ್ನಿಸುತ್ತೆ ನನಗೆ. ಅದು ಬಲವಂತ.

ಎರಡನೇ ಬಾಗಿಲು

ಹೌದು. ಬಲವಂತ. ಇಷ್ಟು ವರ್ಷ ಆ ಪದ ಹೊಳೆದಿರಲಿಲ್ಲ.

ದಾರಿಹೋಕ

ಆದರೆ ಕ್ಷಮಿಸಿದರೆ ಆರೋಗ್ಯಕ್ಕೆ ಒಳ್ಳೆಯದು ಅಂತಾರಲ್ಲ. ಸಿಟ್ಟು ಇಟ್ಟುಕೊಂಡವರಿಗೇ ತಾನೇ ನಷ್ಟ?

ಮನಸ್ಸಿನ ವಿದ್ಯಾರ್ಥಿನಿ

ಅದರಲ್ಲಿ ನಿಜ ಇದೆ ಅಣ್ಣ. ಶಾರ್ಲೆಟ್ ವಿಟ್‌ವ್ಲಿಯೆಟ್ ಅನ್ನುವವರು 2001ರಲ್ಲಿ 71 ಕಾಲೇಜು ವಿದ್ಯಾರ್ಥಿಗಳಿಗೆ ತಮ್ಮನ್ನು ನೋಯಿಸಿದವರನ್ನು ನೆನೆಸಿಕೊಳ್ಳಲು ಹೇಳಿದರು. ಒಂದು ಸಲ ಸಿಟ್ಟಿನಿಂದ, ಇನ್ನೊಂದು ಸಲ ಆ ಮನುಷ್ಯನ ಕಡೆಯಿಂದ ಯೋಚಿಸಿ, ಕ್ಷಮಿಸಿದಂತೆ. ಸಿಟ್ಟಿನಿಂದ ನೆನೆಸಿಕೊಂಡಾಗ ಎದೆಬಡಿತ, ರಕ್ತದೊತ್ತಡ, ಹುಬ್ಬಿನ ಸ್ನಾಯುವಿನ ಬಿಗಿತ ಎಲ್ಲಾ ಏರಿದ್ದವು. ಕ್ಷಮಿಸಿದಂತೆ ನೆನೆಸಿಕೊಂಡಾಗ ಅಷ್ಟು ಇರಲಿಲ್ಲ.

ಆದರೆ ಇನ್ನೊಂದು ಕಡೆಯೂ ಇದೆ. 2010ರಲ್ಲಿ ಲಾರಾ ಲೂಚೀಸ್ ಮತ್ತು ಜೊತೆಯವರು ಗಂಡ ಹೆಂಡತಿ ಮತ್ತು ಇತರ ಹತ್ತಿರದವರ ಬಗ್ಗೆ ಅಧ್ಯಯನ ಮಾಡಿದರು. ತಪ್ಪು ಮಾಡಿದವರು ಅದನ್ನು ಸರಿಮಾಡಲು ಮುಂದಾಗಿದ್ದರೆ, ಕ್ಷಮಿಸಿದವರಿಗೆ ತಮ್ಮ ಬಗ್ಗೆ ಇದ್ದ ಗೌರವ ಜಾಸ್ತಿ ಆಯಿತು. ಅವರು ಏನೂ ಮಾಡದಿದ್ದಾಗ ಕ್ಷಮಿಸಿದವರಿಗೆ ಅದೇ ಗೌರವ ಕಮ್ಮಿ ಆಯಿತು. "ಬಿಟ್ಟಾಕಿ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನೊಂದವರಿಗೆ ಅದು ಎಷ್ಟು ಭಾರ ಅಂತ ಯೋಚಿಸುವುದಿಲ್ಲ.

ನಿವೃತ್ತ ಮೇಷ್ಟ್ರು

ನಾನು ಇತಿಹಾಸ ಪಾಠ ಮಾಡುತ್ತಿದ್ದವನು. ನಿಮ್ಮ ಪ್ರಶ್ನೆ ಓದಿದಾಗಿನಿಂದ ನನಗೆ ಅಶೋಕನದೇ ಯೋಚನೆ.

ಕಳಿಂಗ ಯುದ್ಧ ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅವನ 13ನೇ ಬಂಡೆ ಶಾಸನದಲ್ಲಿ ಲೆಕ್ಕ ಕೊಟ್ಟೇ ಹೇಳುತ್ತಾನೆ. ಒಂದು ಲಕ್ಷ ಜನ ಹತರಾದರು. ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು. ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಇದು ನನಗೆ ನೋವು ಕೊಟ್ಟಿದೆ ಅನ್ನುತ್ತಾನೆ. ಬದುಕುಳಿದವರೂ ತಮ್ಮವರ ಸಂಕಟ ನೋಡಿ ನೊಂದರು ಅಂತಲೂ ಸೇರಿಸುತ್ತಾನೆ. ಗೆದ್ದ ರಾಜ ತನ್ನ ಗೆಲುವಿನ ಬಗ್ಗೆ ಹೀಗೆ ಕಲ್ಲಿನಲ್ಲಿ ಕೆತ್ತಿಸಿದ್ದು ಬಹಳ ದೊಡ್ಡ ಮಾತು. ಪ್ರತಿ ವರ್ಷ ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು.

ಅದೇ ಶಾಸನದಲ್ಲಿ, ಕೆಟ್ಟದ್ದು ಮಾಡಿದವನನ್ನೂ ಕ್ಷಮಿಸಲು ಆಗುವಷ್ಟನ್ನು ಕ್ಷಮಿಸಬೇಕು ಅನ್ನುವ ಅರ್ಥದ ಮಾತಿದೆ. "ಆಗುವಷ್ಟನ್ನು". ಎಲ್ಲವನ್ನೂ ಅಂತ ಇಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಬೇರೆ. ಈ ಶಾಸನ ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿದೆ, ಗುಜರಾತಿನ ಗಿರ್‌ನಾರ್‌ನಲ್ಲಿದೆ, ಆಂಧ್ರದ ಎರ್ರಗುಡಿಯಲ್ಲಿದೆ. ಕಳಿಂಗದಲ್ಲಿ ಇಲ್ಲ. ಅಲ್ಲಿ ಧೌಲಿ, ಜೌಗಡ ಎರಡೂ ಕಡೆ ಅವನ ಬೇರೆ ಶಾಸನಗಳಿವೆ. 11, 12, 13 ಮಾತ್ರ ಬಿಟ್ಟಿದ್ದಾರೆ. ಯಾರನ್ನು ನೋಯಿಸಿದನೋ ಅವರ ಎದುರಿಗೆ ಆ ಮಾತು ಇಡಲಿಲ್ಲ.

ನಾನು ಇದನ್ನು ವರ್ಷಗಟ್ಟಲೆ ಅವನ ಕೊರತೆ ಅಂತಲೇ ನೋಡಿದೆ. ಈಗ ಎರಡೂ ಯೋಚನೆ ಬರುತ್ತೆ. ಯಾಕೆಂದರೆ ಆ ಜಾಗದಲ್ಲಿ ಅವನು ಬೇರೆ ಎರಡು ಶಾಸನ ಹಾಕಿಸಿದ್ದಾನೆ. ಅವು ತನ್ನ ಅಧಿಕಾರಿಗಳಿಗೆ ಬರೆದದ್ದು. ಜನರೆಲ್ಲ ನನ್ನ ಮಕ್ಕಳು, ಯಾರನ್ನೂ ಕಾರಣ ಇಲ್ಲದೆ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ, ಸಿಟ್ಟು ಆತುರ ಬಿಡಿ ಅಂತ. ಕಳಿಂಗದ ಜನರಿಗೆ ದೂರದ ಬಂಡೆಯ ಮೇಲಿನ ದುಃಖಕ್ಕಿಂತ ಈ ಅಪ್ಪಣೆಯಿಂದ ಜಾಸ್ತಿ ಉಪಯೋಗ ಆಗಿರಬಹುದು.

ಹಾಗಾಗಿ ನಿಮಗೆ ಕೇಳುವುದಿಷ್ಟು. ನಿಮ್ಮ ದುಃಖ ಇಲ್ಲಿ, ನಮ್ಮ ಮುಂದೆ ಇಟ್ಟಿದ್ದೀರಿ. ಆಕೆಗೆ ಉಪಯೋಗ ಆಗುವಂಥದ್ದು ಏನಿದೆ ನಿಮ್ಮ ಕೈಯಲ್ಲಿ?

ಹಳೇ ನೋಟ್‌ಬುಕ್

ಮೇಷ್ಟ್ರೇ, ಕಚೇರಿಯಲ್ಲಿ ಮಧ್ಯಾಹ್ನ ಎಲ್ಲ ಹೊರಗೆ ಹೋದ ಮೇಲೆ ಇದನ್ನು ಓದಿದೆ. ಉತ್ತರ ಗೊತ್ತಾಯಿತು ಅನ್ನಿಸುತ್ತೆ, ಆದರೆ ಭಯ ಆಗುತ್ತಿದೆ. ಆ ಎಂಟು ಜನರಲ್ಲಿ ಐವರು ನನಗೆ ಇನ್ನೂ ಸಂಪರ್ಕದಲ್ಲಿದ್ದಾರೆ. ಇಬ್ಬರು ಸ್ನೇಹಿತರು. ಒಬ್ಬರು ನನ್ನ ಈಗಿನ ಕೆಲಸಕ್ಕೆ ಶಿಫಾರಸು ಮಾಡಿದವರು.

ಎರಡನೇ ಬಾಗಿಲು

ಅಲ್ಲೇ ಇರುವುದು ಸರ್. ಅವರಿಗೆ ಹೇಳಿ ಮೊದಲು.

ನಿವೃತ್ತ ಮೇಷ್ಟ್ರು

ಒಂದು ಮಾತು ಸೇರಿಸುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಹೋದ ಮೇಲೆ ಸತ್ಯ ಮತ್ತು ಸಂಧಾನ ಆಯೋಗ ಅಂತ ಮಾಡಿದರು. 1996ರಲ್ಲಿ ವಿಚಾರಣೆಗಳು ಶುರು. ಡೆಸ್ಮಂಡ್ ಟುಟು ಅಧ್ಯಕ್ಷರು. ಅಲ್ಲಿ ಕ್ಷಮಾದಾನ ಬೇಕಿದ್ದವರು ಅಳಬೇಕು, ಪಶ್ಚಾತ್ತಾಪ ತೋರಿಸಬೇಕು ಅಂತ ನಿಯಮ ಇರಲಿಲ್ಲ. ರಾಜಕೀಯ ಕಾರಣಕ್ಕೆ ಮಾಡಿದ ಕೃತ್ಯ ಆಗಿರಬೇಕು, ನಡೆದದ್ದನ್ನು ಪೂರ್ತಿಯಾಗಿ ಹೇಳಬೇಕು. ಇದು ಅನ್ಯಾಯ ಅಂತ ಎಷ್ಟೋ ಮನೆಯವರು ಹೇಳಿದರು, ಅವರ ಮಾತಿನಲ್ಲೂ ನ್ಯಾಯ ಇದೆ. ಆದರೆ ತಮ್ಮ ಮಗ ಎಲ್ಲಿ ಸತ್ತ, ಎಲ್ಲಿ ಹೂತರು ಅಂತ ಅಲ್ಲಿಯವರೆಗೆ ಗೊತ್ತೇ ಇಲ್ಲದಿದ್ದ ಮನೆಗಳಿದ್ದವು. ಅವರಿಗೆ ನಿಜ ಬೇಕಿತ್ತು.

27 ವರ್ಷ ಸೆರೆಯಲ್ಲಿದ್ದ ಮಂಡೇಲಾ ಅಧ್ಯಕ್ಷರಾದ ಮೇಲೆ, 1995ರಲ್ಲಿ, ತಮ್ಮ ವಿರುದ್ಧ ವಾದ ಮಾಡಿದ್ದ ಸರ್ಕಾರಿ ವಕೀಲ ಪರ್ಸಿ ಯುಟಾರ್ ಅವರನ್ನು ಊಟಕ್ಕೆ ಕರೆದರು. ಅದು ಬಹಳ ದೊಡ್ಡ ಮನಸ್ಸು. ಆದರೆ ಅದು ಮಂಡೇಲಾ ತಾವಾಗಿ ಕೊಟ್ಟದ್ದು. ಯುಟಾರ್ ಹೋಗಿ ಕೇಳಿ ಪಡೆಯುವಂಥದ್ದು ಅಲ್ಲ.

ತಡವಾಯ್ತು

ನನ್ನದು ಚಿಕ್ಕ ಮಾತು. ಅಪ್ಪನ ಹತ್ತಿರ ಒಂದು ಮಾತು ಹೇಳಬೇಕಿತ್ತು. ಮುಂದಿನ ವಾರ ಊರಿಗೆ ಹೋದಾಗ ಹೇಳೋಣ ಅಂತ ಎರಡು ವರ್ಷ ಮುಂದೂಡಿದೆ. ಈಗ ಅವರಿಲ್ಲ. ಅವರ ಮೊಬೈಲ್ ನನ್ನ ಹತ್ತಿರ ಇದೆ, ಇನ್ನೂ ಚಾರ್ಜ್ ಮಾಡುತ್ತೇನೆ. ನಿಮಗೆ ಹೇಳಲು ಜನ ಇದ್ದಾರೆ ಸರ್. ದಯವಿಟ್ಟು ಈ ವಾರವೇ ಮಾಡಿ.

ರಾತ್ರಿಪಾಳಿ

ತಡವಾಯ್ತು ಅವರೇ, ಕೊನೆಯ ದಿನಗಳಲ್ಲಿ ಎಷ್ಟೋ ಅಪ್ಪಂದಿರ ಪಕ್ಕ ಕೂತಿದ್ದೇನೆ. ಮಕ್ಕಳ ತಪ್ಪು ಎತ್ತಿ ಮಾತಾಡಿದವರು ಬಹಳ ಕಮ್ಮಿ. ಮಗ ಊಟ ಮಾಡಿದನಾ, ರಾತ್ರಿ ಎಲ್ಲಿ ಮಲಗುತ್ತಾನೆ ಅಂತ ಕೇಳಿದವರೇ ಜಾಸ್ತಿ. ನಿಮ್ಮ ತಂದೆಯ ಮನಸ್ಸು ನನಗೆ ಗೊತ್ತಿಲ್ಲ. ನಾನು ನೋಡಿದ್ದು ಹೇಳಿದೆ.

ತಡವಾಯ್ತು

ಥ್ಯಾಂಕ್ಸ್ ಅಕ್ಕ.

ಹಳೇ ನೋಟ್‌ಬುಕ್ (ಆರು ದಿನದ ನಂತರ)

ಐವರಿಗೂ ಹೇಳಿದೆ. ನಾಲ್ವರಿಗೆ ಫೋನ್, ಒಬ್ಬರಿಗೆ ಎದುರಿಗೇ.

ಎಲ್ಲರಿಗೂ ಒಂದೇ ಮಾತು. "ಅವತ್ತು ಆ ಫೈಲ್ ಕಳಿಸಿದ್ದು ನಾನು. ಗೊತ್ತಿದ್ದೂ ಅವಳ ಹೆಸರು ಬರೋ ಹಾಗೆ ಮಾತಾಡಿದೆ." ಮುಂಚೆ ಕನ್ನಡಿ ಮುಂದೆ ನಿಂತು ಹೇಳಿ ನೋಡಿದ್ದೆ. "ಆಗ ಮನೆಯಲ್ಲಿ ಸಾಲ ಇತ್ತು" ಅಂತ ತಾನಾಗಿಯೇ ನಾಲಿಗೆಗೆ ಬರುತ್ತಿತ್ತು. ರಾತ್ರಿಪಾಳಿಯವರ ಡಾಕ್ಟರ್ ನೆನಪಾಗಿ ನುಂಗಿಕೊಂಡೆ.

ಒಬ್ಬರು "ಅಯ್ಯೋ ಈಗ ಯಾಕೆ ಅದೆಲ್ಲ" ಅಂದರು. ಇಬ್ಬರಿಗೆ ಆ ಮೀಟಿಂಗೇ ನೆನಪಿರಲಿಲ್ಲ, ಆದರೆ "ಅವಳು ಸ್ವಲ್ಪ ಅಜಾಗರೂಕತೆ ಅಲ್ವಾ" ಅನ್ನುವುದು ನೆನಪಿತ್ತು. ಅದು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಘಟನೆ ಮರೆತಿದ್ದಾರೆ, ಹಣೆಪಟ್ಟಿ ಉಳಿದಿದೆ. ಸ್ನೇಹಿತನೊಬ್ಬ ಬಹಳ ಹೊತ್ತು ಸುಮ್ಮನಿದ್ದು ಫೋನ್ ಇಟ್ಟ. ಇವತ್ತಿನವರೆಗೆ ಮಾತಾಡಿಲ್ಲ. ಶಿಫಾರಸು ಮಾಡಿದ್ದವರು ಒಂದು ವಿಷಯ ಹೇಳಿದರು. ನಾಲ್ಕು ವರ್ಷದ ಹಿಂದೆ ಆಕೆಯ ಬಗ್ಗೆ ವಿಚಾರಿಸಿ ಬೇರೆ ಕಚೇರಿಯಿಂದ ಫೋನ್ ಬಂದಿತ್ತಂತೆ. ಇವರು "ಪರವಾಗಿಲ್ಲ" ಅಂತಷ್ಟೇ ಹೇಳಿದ್ದರಂತೆ. ಆ ಕೆಲಸ ಆಕೆಗೆ ಸಿಕ್ಕಿತೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಇನ್ನು ಯಾರಾದರೂ ಕೇಳಿದರೆ ನಿಜ ಹೇಳುತ್ತೇನೆ ಅಂದಿದ್ದಾರೆ.

ಆಮೇಲೆ ಆಕೆಗೆ ಬರೆದೆ. ಹನ್ನೊಂದು ಸಾಲು. ನಾನು ಏನು ಮಾಡಿದೆ, ಯಾರ ಯಾರ ಮುಂದೆ ಹೇಳಿದ್ದೆ, ಈಗ ಅವರಲ್ಲಿ ಯಾರಿಗೆ ನಿಜ ಹೇಳಿದ್ದೇನೆ, ಮಿಕ್ಕ ಇಬ್ಬರನ್ನು ಹುಡುಕುತ್ತಿದ್ದೇನೆ ಅಂತ. ಕೆಲಸದ ವಿಷಯದಲ್ಲಿ ಎಲ್ಲಿ ಬೇಕಾದರೂ ಬರೆದು ಕೊಡುತ್ತೇನೆ ಅಂತ. ಉತ್ತರ ಬರೆಯಲೇಬೇಕು ಅಂತಿಲ್ಲ ಅಂತ. ಕ್ಷಮಿಸಿ ಅನ್ನುವ ಪದ ಹಾಕಲಿಲ್ಲ.

ಎರಡನೇ ಬಾಗಿಲು

ನನ್ನ ಹೆಸರು ಕೆಡಿಸಿದವರು ಈಗ ತುಂಬಾ ವಯಸ್ಸಾಗಿ ಮಲಗಿದ್ದಾರೆ. ನಿಮ್ಮದು ಓದಿದ ಮೇಲೆ ಅವರ ಬಗ್ಗೆ ಯೋಚಿಸುತ್ತಾ ಕೂತೆ. ಅವರಿಂದ ಇನ್ನು ಇದು ಆಗುವುದಿಲ್ಲ. ನಿನ್ನೆ ಹೋಗಿ ದಿಂಬು ಸರಿಮಾಡಿ, ನೀರು ಕುಡಿಸಿ ಬಂದೆ. ಕ್ಷಮಿಸಿದೆನಾ ಅಂತ ಕೇಳಬೇಡಿ. ಬಾಯಾರಿತ್ತು ಅವರಿಗೆ.

ದಾರಿಹೋಕ

ನಾನು ಮೊದಲು ಬರೆದ ಉತ್ತರಕ್ಕೆ ಬೇಸರ ಇದೆ ಸರ್. ಅವಸರದಲ್ಲಿ ಹೇಳಿದೆ.

ಹಳೇ ನೋಟ್‌ಬುಕ್ (ಮೂರು ವಾರದ ನಂತರ)

ಉತ್ತರ ಬಂತು. ಆಕೆಯ ಮಾತು ಪೂರ್ತಿ ಇಲ್ಲಿ ಹಾಕುವುದು ಸರಿಯಲ್ಲ. ಮೂರು ಸಾಲು ಇತ್ತು. ಪತ್ರ ಓದಿದೆ ಅಂತ. ಐವರಿಗೆ ಹೇಳಿದ್ದು ಒಳ್ಳೆಯದಾಯಿತು, ಮಿಕ್ಕ ಇಬ್ಬರಲ್ಲಿ ಒಬ್ಬರ ನಂಬರ್ ಇದು ಅಂತ. ಕಳಿಸಿದ್ದು ನೀವು ಅಂತ ಆಗಲೇ ಗೊತ್ತಿತ್ತು, ನೋಟ್‌ಬುಕ್ ಇದ್ದರೆ ಆ ಗ್ರಾಹಕರ ಪುಟ ನೋಡಿ ಅಂತ.

ಕಪಾಟಿನಿಂದ ತೆಗೆದು ನೋಡಿದೆ. ಒಂಬತ್ತು ವರ್ಷದಲ್ಲಿ ಆ ಪುಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಿರುವಿ ಹಾಕಿದ್ದೆ. ತಾರೀಕು, ಫೋನ್ ನಂಬರ್, ಎಲ್ಲಾ ಬೇರೆ ಪುಟಗಳ ಹಾಗೇ ಇದೆ. ಕೆಳಗೆ ಒಂದು ಸಾಲಿಗೆ ಮಾತ್ರ ಎರಡು ಗೆರೆ. "ಕಳಿಸುವ ಮುಂಚೆ ಫೈಲ್ ಒಂದು ಸಲ ತೆರೆದು ತಿಂಗಳು ನೋಡಿ ಸರ್." ಇಡೀ ಪುಸ್ತಕದಲ್ಲಿ ಇನ್ನೆಲ್ಲೂ "ಸರ್" ಇಲ್ಲ.

ಗೊತ್ತಿದ್ದೂ ಅಷ್ಟು ಪುಟ ಬರೆದುಕೊಟ್ಟು ಹೋಗಿದ್ದಾಳೆ.

ತಡವಾಯ್ತು

ಕ್ಷಮಿಸಿದ್ದೀನಿ ಅಂತ ಬರೆದಿದ್ದಾರಾ ಸರ್?

ಹಳೇ ನೋಟ್‌ಬುಕ್

ಇಲ್ಲ. ಆಕೆ ಕೊಟ್ಟ ನಂಬರ್‌ಗೆ ಇವತ್ತು ಸಂಜೆ ಫೋನ್ ಮಾಡುತ್ತಿದ್ದೇನೆ.